ಬಯಲುಸೀಮೆಯ ಹಿತ್ತಲಲ್ಲಿ ಮೀನು, ಪುದೀನ, ಸ್ಟ್ರಾಬೆರಿ: ಪೈಪಿನ ಟವರ್ ಕಟ್ಟುವ ಬಗೆ

ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿತ್ತಲು 15 ಅಡಿ ಉದ್ದ, 8 ಅಡಿ ಅಗಲ. ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ ಬಿಟ್ಟರೆ ಮೊದಲು ಅಲ್ಲಿ ಏನೂ ಇರಲಿಲ್ಲ. ಈಗ ಮೈತುಂಬಾ ಗಿಡ ಕೂರಿಸುವ ಬಾಯಿಗಳಿರುವ 4 ಪೈಪುಗಳು, ಅಂದರೆ ಟವರುಗಳು, ನಿಂತಿವೆ, ಪಕ್ಕದಲ್ಲೊಂದು ಮೀನಿನ ತೊಟ್ಟಿ. ಪುದೀನ, ಒಂದೆಲಗ, ದೊಡ್ಡಪತ್ರೆ ವರ್ಷವಿಡೀ ಸಿಗುತ್ತವೆ, ಚಳಿಗಾಲದಲ್ಲಿ ಸ್ಟ್ರಾಬೆರಿ. ದುರ್ಗದಲ್ಲಿ ಸ್ಟ್ರಾಬೆರಿ ಅಂದರೆ ಯಾರೂ ನಂಬಲ್ಲ. ಬಂದು ಕಿತ್ತು ತಿಂದ ಮೇಲೆ ನಂಬುತ್ತಾರೆ.

ಇದಕ್ಕೆ ಅಕ್ವಾಪೋನಿಕ್ಸ್ ಅಂತ ಹೆಸರು. ಕೆಲಸ ನಡೆಯುವ ರೀತಿ ಸರಳ. ಮೀನು ತಿಂದು ಹೊರಹಾಕಿದ್ದರಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಮೀನಿಗೇ ವಿಷ. ಕಲ್ಲು, ಪೈಪಿನ ಒಳಮೈಯಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಗೊಬ್ಬರ ಹೀರಿಕೊಂಡ ನೀರು ಮತ್ತೆ ಮೀನಿಗೆ. ಮಣ್ಣಿಲ್ಲ, ಚೆಲ್ಲುವ ನೀರಿಲ್ಲ. ನನ್ನ ಇಡೀ ವ್ಯವಸ್ಥೆಯಲ್ಲಿ ಸುಮಾರು 800 ಲೀಟರ್ ನೀರಿದೆ. ದಿನಕ್ಕೆ ನಾನು ಸೇರಿಸುವುದು ಒಂದು ಬಕೆಟ್, ಬೇಸಿಗೆಯಲ್ಲಿ ಒಂದೂವರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಶುರು ಮಾಡುವವರು ಗಿಡದ ಬಗ್ಗೆ, ಮೀನಿನ ಬಗ್ಗೆ ತುಂಬಾ ಯೋಚಿಸುತ್ತಾರೆ, ನೀರನ್ನು ಯಾರೂ ಕೇಳಲ್ಲ. ನಮ್ಮ ಕಡೆ ಸೋಲುವುದು ಅಲ್ಲೇ. ಹಾಗಾಗಿ ನೀರಿನಿಂದಲೇ ಶುರು ಮಾಡೋಣ.

ನಿಮ್ಮ ನೀರು ಯಾವುದು?

ನಮ್ಮ ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಕಟ್ಟುತ್ತದೆ ಅಲ್ವಾ, ಅದೇ. ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಂಕಿ ಪಿಎಚ್: 7 ನಡುಮಧ್ಯ, ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ. ನಮ್ಮ ಮನೆಯ ಬೋರಿನ ಪಿಎಚ್ 8ಕ್ಕಿಂತ ಮೇಲೆ ಬಂತು. ಗಿಡಕ್ಕೂ ಬ್ಯಾಕ್ಟೀರಿಯಾಕ್ಕೂ ಮೀನಿಗೂ ಮೂವರಿಗೂ ಒಗ್ಗುವುದು 6.5ರಿಂದ 7ರ ಆಸುಪಾಸು. ಪಿಎಚ್ ಜಾಸ್ತಿ ಇದ್ದರೆ ಎರಡು ತೊಂದರೆ. ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ನೀರಿನಲ್ಲಿರುವ ಅಮೋನಿಯ ಅಷ್ಟೇ ಇದ್ದರೂ ಪಿಎಚ್ 7ರಿಂದ 8ಕ್ಕೆ ಏರಿದಾಗ ಅದರ ವಿಷದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ, ನೀರು ಬಿಸಿಯಾದಷ್ಟೂ ಅದು ಇನ್ನೂ ಏರುತ್ತದೆ.

ಇದಕ್ಕೆ ಮದ್ದು ಮಳೆ ನೀರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗದಲ್ಲಿ ಅದೆಷ್ಟು ಸಿಕ್ಕೀತು ಅಂತ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಅಡಿ ತಾರಸಿ ಅಂದರೆ ಸುಮಾರು 110 ಚದರ ಮೀಟರ್. 10 ಮಿಲಿಮೀಟರಿನ ಒಂದು ಮಳೆಗೆ, ಸೋರಿದ್ದು ಆರಿದ್ದು ಕಳೆದರೂ, 900 ಲೀಟರ್ ಹತ್ತಿರ ಸಿಗುತ್ತದೆ. ಇಡೀ ವ್ಯವಸ್ಥೆ ತುಂಬಲು ಒಂದೇ ಮಳೆ ಸಾಕು! ಹಂಗಾಮಿನ ಮೊದಲ ಮಳೆಯನ್ನು ಮಾತ್ರ ಹೊರಗೆ ಬಿಟ್ಟುಬಿಡಿ, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಹೋಗಲಿ.

ನಾನು ಮೂರು ಪಾಲು ಮಳೆ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ. ಬರೀ ಮಳೆ ನೀರು ಒಳ್ಳೆಯದಲ್ಲ, ಯಾಕೆ ಅಂದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಮಾಡುತ್ತಾ ನೀರನ್ನು ಹುಳಿ ಮಾಡುತ್ತವೆ, ಪಿಎಚ್ 6ಕ್ಕಿಂತ ಕೆಳಗೆ ಜಾರಿದರೆ ಅವೇ ಕೆಲಸ ನಿಲ್ಲಿಸುತ್ತವೆ. ಆಗ ನಮ್ಮ ಗಡಸು ಬೋರ್ ನೀರೇ ಔಷಧಿ. ವಾರಕ್ಕೊಮ್ಮೆ ಪಿಎಚ್ ನೋಡಿ, 6.5ಕ್ಕೆ ಇಳಿದಿದ್ದರೆ ಒಂದೆರಡು ಬಕೆಟ್ ಬೋರ್ ನೀರು ಹಾಕಿದರೆ ಸರಿಹೋಗುತ್ತದೆ. ಮಳೆ ನೀರು ಮುಗಿದಾಗ ಓಣಿಯ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು ಬೆರೆಸಿ. ಆ ಘಟಕದ ಹಿಂದೆ ಹರಿದುಹೋಗುವ ತ್ಯಾಜ್ಯ ನೀರು ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ. ಉಪ್ಪಿನಂಶವೆಲ್ಲ ಸೇರಿರುವುದು ಅದರಲ್ಲೇ.

ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ತೆರೆದ ಡ್ರಮ್ಮಿನಲ್ಲಿ ಎರಡು ದಿನ ಬಿಟ್ಟು ಬಳಸಿ. ಪೈಪಿನಿಂದ ನೇರವಾಗಿ ತೊಟ್ಟಿಗೆ ಬಿಟ್ಟರೆ ಮೀನೂ ಹೋಗುತ್ತದೆ, ಬ್ಯಾಕ್ಟೀರಿಯಾವೂ ಹೋಗುತ್ತದೆ.

ಜಾಗ, ತೂಕ, ಗಾಳಿ

500 ಲೀಟರ್ ನೀರು ಅಂದರೆ 500 ಕಿಲೋ. ಹಳೆಯ ಮಣ್ಣಿನ ಮಾಳಿಗೆ ಮನೆಯಾದರೆ ಮೇಲೆ ಇಡುವ ಮಾತೇ ಬೇಡ. ಆರ್‌ಸಿಸಿ ತಾರಸಿಯಾದರೂ ನಡುಮಧ್ಯದಲ್ಲಿ ಇಡದೆ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ, ಅದಕ್ಕೂ ಮೊದಲು ಮನೆ ಕಟ್ಟಿದ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳಿ. ಹಿತ್ತಲಿದ್ದರೆ ಹಿತ್ತಲೇ ಒಳ್ಳೆಯದು. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳಬೇಕು, ಮಧ್ಯಾಹ್ನದ್ದು ತಪ್ಪಿದರೆ ಲಾಭವೇ. ಟವರ್ ಮೇಲೆ 50 ಪರ್ಸೆಂಟಿನ ನೆರಳು ಬಲೆ ಕಟ್ಟಲು ನಾಲ್ಕು ಮೂಲೆಗೆ ಕಂಬ ಈಗಲೇ ನೆಟ್ಟುಬಿಡಿ, ಮಾರ್ಚ್ ಬಂದ ಮೇಲೆ ಓಡಾಡುವುದು ಬೇಡ.

ಗಾಳಿಯನ್ನು ಮರೆಯಬೇಡಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆಷಾಢದ ಗಾಳಿಗೆ, ಗಿಡ ತುಂಬಿದ 5 ಅಡಿ ಪೈಪು ಹಾಯಿಯ ಹಾಗೆ ವಾಲುತ್ತದೆ. ಪ್ರತಿ ಟವರನ್ನೂ ಎರಡು ಕಡೆ, ಬುಡದಲ್ಲಿ ಮತ್ತು ತಲೆಯ ಹತ್ತಿರ, ಗೋಡೆಗೆ ಅಥವಾ ಕಬ್ಬಿಣದ ಚೌಕಟ್ಟಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಹಗ್ಗ ಸಾಲದು.

ನೀರು ಹರಿಯುವ ದಾರಿ

ಕೋಟೆ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ ಬರುವ ಹಾಗೆ ಹಿಂದಿನವರು ಮಾಡಿಟ್ಟಿದ್ದಾರೆ. ಒಂದು ತುಂಬಿ ಇನ್ನೊಂದಕ್ಕೆ. ನಾವು ಮಾಡಬೇಕಾದ್ದೂ ಅದನ್ನೇ, ಕೊನೆಯ ಹೊಂಡದಿಂದ ಮೇಲಕ್ಕೆ ಎತ್ತಲು ಒಂದು ಪಂಪು ಜಾಸ್ತಿ ಅಷ್ಟೇ.

ಮೊದಲು 500 ಲೀಟರಿನ ಮೀನಿನ ತೊಟ್ಟಿ, ಎರಡು ಅಡಿ ಕಲ್ಲಿನ ಕಟ್ಟೆಯ ಮೇಲೆ. ಅದು ತುಂಬಿ ಹರಿದ ನೀರು 100 ಲೀಟರಿನ ಒಂದು ಡ್ರಮ್ಮಿಗೆ. ಇಲ್ಲಿ ಗಸಿ ತಳಕ್ಕೆ ಕೂರುತ್ತದೆ. ಅಲ್ಲಿಂದ 200 ಲೀಟರಿನ ಇನ್ನೊಂದು ಡ್ರಮ್ಮಿಗೆ, ಅದರ ತುಂಬಾ ಜಲ್ಲಿ. ಬ್ಯಾಕ್ಟೀರಿಯಾ ಮನೆ ಮಾಡುವುದು ಈ ಜಲ್ಲಿಯ ಮೇಲೆ. ಕೊನೆಗೆ ನೆಲದಲ್ಲಿ ಕುತ್ತಿಗೆ ತನಕ ಹೂತ ಮತ್ತೊಂದು ಡ್ರಮ್ಮು, ಪಂಪು ಇರುವುದು ಇದರಲ್ಲಿ. ಪಂಪಿನಿಂದ ಬಂದ ಪೈಪು ಎರಡಾಗಿ ಒಡೆಯುತ್ತದೆ: ಒಂದು ಕವಲು ಮೀನಿನ ತೊಟ್ಟಿಗೆ, ಇನ್ನೊಂದು ಟವರುಗಳ ತಲೆಗೆ. ಟವರಿನಿಂದ ಇಳಿದ ನೀರು ಬುಡದ ಪೈಪಿನ ಮೂಲಕ ನೇರ ಹೂತ ಡ್ರಮ್ಮಿಗೇ ವಾಪಸ್. ಒಂದೊಂದು ಹಂತವೂ ಮುಂದಿನದಕ್ಕಿಂತ ಒಂದು ಗೇಣಾದರೂ ಎತ್ತರ ಇರಲಿ. ಹೀಗೆ ಮಾಡಿದರೆ ಪಂಪು ನಿಂತರೂ ಮೀನಿನ ತೊಟ್ಟಿ ಖಾಲಿಯಾಗುವುದಿಲ್ಲ, ಮೀನು ಬದುಕುತ್ತದೆ. ಡ್ರಮ್ಮನ್ನು ಹೂಳುವುದರಿಂದ ಇನ್ನೊಂದು ಲಾಭ, ಏಪ್ರಿಲ್ ತಿಂಗಳ ಉರಿಯಲ್ಲೂ ಆ ನೀರು ತಣ್ಣಗಿರುತ್ತದೆ.

ತೊಟ್ಟಿಯಿಂದ ನೀರು ಮೇಲಿನಿಂದ ಹರಿದರೆ ಗಲೀಜು ತಳದಲ್ಲೇ ಉಳಿಯುತ್ತದೆ. ಅದಕ್ಕೆ ಹೊರಹೋಗುವ ಪೈಪಿನ ಸುತ್ತ ಸ್ವಲ್ಪ ದಪ್ಪದ ಇನ್ನೊಂದು ಪೈಪು ನಿಲ್ಲಿಸಿ, ಅದರ ಬುಡದಲ್ಲಿ ಮಾತ್ರ ಸೀಳು ಕೊರೆಯಿರಿ, ತಲೆ ನೀರಿನಿಂದ ಮೇಲಿರಲಿ. ಆಗ ನೀರು ತಳದಿಂದಲೇ ಎಳೆದುಕೊಂಡು, ಒಳಗೆ ಮೇಲೇರಿ, ಹೊರಗೆ ಹೋಗುತ್ತದೆ, ಹಿಕ್ಕೆಯನ್ನೂ ಜೊತೆಗೇ ಒಯ್ಯುತ್ತದೆ.

ಜಲ್ಲಿ 20 ಎಂಎಂನದ್ದು ಸಾಕು. ತಂದ ಕೂಡಲೇ ಎರಡು ಕಲ್ಲಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ನೊರೆ ಎದ್ದರೆ ಸುಣ್ಣದ ಕಲ್ಲು, ಪಿಎಚ್ ಏರಿಸುತ್ತದೆ, ಬೇಡ. ಪುಡಿ ಹೋಗಿ ನೀರು ತಿಳಿಯಾಗುವ ತನಕ ತೊಳೆಯಿರಿ, ಆರೇಳು ಸಲವಾದರೂ ಬೇಕು. ತಾಮ್ರ, ಹಿತ್ತಾಳೆ, ಸತುವಿನ ಲೇಪದ ಜಿಐ ಪೈಪು ಎಲ್ಲೂ ಬಳಸಬೇಡಿ. ತಾಮ್ರ, ಸತು ನೀರಿಗಿಳಿದರೆ ಮೀನಿಗೆ ವಿಷ. ಸಿಮೆಂಟಿನ ತೊಟ್ಟಿ ಕಟ್ಟಿಸುವುದಾದರೆ ವಾರಗಟ್ಟಲೆ ನೀರು ನಿಲ್ಲಿಸಿ ಬದಲಿಸಿ, ಹೊಸ ಸಿಮೆಂಟು ಪಿಎಚ್ಚನ್ನು ತುಂಬಾ ಏರಿಸುತ್ತದೆ.

ಪಂಪು ಕೊಳ್ಳುವಾಗ ಡಬ್ಬಿಯ ಮೇಲಿನ ಎತ್ತರದ ಅಂಕಿ ಸರಿಯಾಗಿ ಓದಿ. 2 ಮೀಟರ್ ಅಂತ ಬರೆದಿದ್ದರೆ, 2 ಮೀಟರ್ ಎತ್ತರದಲ್ಲಿ ಅದು ಒಂದು ಹನಿಯೂ ಕೊಡುವುದಿಲ್ಲ ಅಂತ ಅರ್ಥ. ನಮ್ಮದು ಹೂತ ಡ್ರಮ್ಮಿನಿಂದ ಟವರ್ ತಲೆಗೆ ಸುಮಾರು ಎರಡೂವರೆ ಮೀಟರ್. ಹಾಗಾಗಿ 4 ಮೀಟರಿನ ಪಂಪು ತಂದೆ. ಒಂದು ಟವರಿಗೆ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಸಾಕು, ಉಳಿದದ್ದೆಲ್ಲ ಮೀನಿನ ತೊಟ್ಟಿಗೆ ಹೋಗಿ ಮೇಲಿನಿಂದ ಬೀಳಲಿ, ಬೀಳುವಾಗ ಗಾಳಿ ಬೆರೆಯುತ್ತದೆ. 45 ವಾಟಿನ ಪಂಪು ದಿನವಿಡೀ ಓಡಿದರೆ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ತಿಂಗಳಿಗೆ 32-33 ಯೂನಿಟ್.

ಟವರ್ ಮಾಡುವುದು

4 ಇಂಚಿನ ಪಿವಿಸಿ ಪೈಪು ತನ್ನಿ. 20 ಅಡಿಯ ಒಂದು ಪೈಪಿಗೆ 5 ಅಡಿಯ ನಾಲ್ಕು ಟವರ್ ಆಗುತ್ತವೆ. ಅಂಗಡಿಯವರೇ ಕತ್ತರಿಸಿ ಕೊಡುತ್ತಾರೆ. ದಾವಣಗೆರೆಗೆ ಹೋದಾಗ ನೋಡಿ, ಅಲ್ಲಿ ಗೋಡೆಯ ದಪ್ಪ ನೋಡಿ ಆರಿಸಲು ನನಗೆ ಜಾಸ್ತಿ ಬಗೆ ಸಿಕ್ಕವು. ತೀರಾ ತೆಳುವಾದದ್ದು ಕಾಯಿಸುವಾಗ ಮುದುಡಿಕೊಳ್ಳುತ್ತದೆ.

ಪೈಪಿನ ಉದ್ದಕ್ಕೆ ಸಮ ಅಂತರದಲ್ಲಿ ಮೂರು ಗೆರೆ ಎಳೆಯಿರಿ. ಸುತ್ತಳತೆ 34 ಸೆಂಟಿಮೀಟರ್ ಚಿಲ್ಲರೆ ಇರುತ್ತದೆ, ಗೆರೆಗಳ ನಡುವೆ ಹನ್ನೊಂದೂವರೆ ಬರುತ್ತದೆ. ಬುಡದಲ್ಲಿ ಒಂದು ಗೇಣು ಬಿಟ್ಟು, ಪ್ರತಿ ಗೆರೆಯ ಮೇಲೆ 20 ಸೆಂಟಿಮೀಟರಿಗೆ ಒಂದು ಗುರುತು. ಒಂದು ಗೆರೆಯ ಗುರುತು ಪಕ್ಕದ ಗೆರೆಯ ಗುರುತಿನ ಮಟ್ಟಕ್ಕೆ ಬರದ ಹಾಗೆ ಸ್ವಲ್ಪ ಮೇಲೆ ಕೆಳಗೆ ಮಾಡಿ, ಇಲ್ಲದಿದ್ದರೆ ಪೈಪು ಅಲ್ಲೇ ಸೊರಗಿ ಬಾಗುತ್ತದೆ. ಹೀಗೆ ಒಂದು ಟವರಿಗೆ 16 ಬಾಯಿ.

ಈಗ ನಿಧಾನದ ಕೆಲಸ. ಗುರುತಿನ ಮೇಲೆ ಆಕ್ಸಾ ಬ್ಲೇಡಿನಿಂದ 8 ಸೆಂಟಿಮೀಟರ್ ಅಡ್ಡ ಸೀಳು ಹಾಕಿ. ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು ಸೀಳಿನ ಮೇಲೆ ಕೆಳಗೆ ಅಂಗೈಯಗಲ ಜಾಗವನ್ನು ಕಾಯಿಸಿ, ಕೈ ಒಂದೇ ಕಡೆ ನಿಲ್ಲಬಾರದು, ಆಡಿಸುತ್ತಲೇ ಇರಬೇಕು. ಒಂದೂವರೆ ಎರಡು ನಿಮಿಷಕ್ಕೆ ಪೈಪಿನ ಹೊಳಪು ಬದಲಾಗಿ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ತಗ್ಗುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ಒತ್ತಿ. ಆಗ ಬಡಗಿಯಿಂದ ಮಾಡಿಸಿದ ಮರದ ಬೆಣೆಯನ್ನು ಮೇಲಿನಿಂದ ಓರೆಯಾಗಿ ಸೀಳಿನೊಳಗೆ ಇಳಿಸಿ. ಕೆಳತುಟಿ ಹೊರಗೆ ಬಟ್ಟಲಿನ ಹಾಗೆ ಚಾಚಬೇಕು, ಮೇಲ್ತುಟಿ ಒಳಗೆ ಬಾಗಬೇಕು. ಮೇಲ್ತುಟಿ ಒಳಗೆ ಬಾಗದಿದ್ದರೆ ನೀರು ಬಾಯಿಂದ ಹೊರಗೆ ಸುರಿಯುತ್ತದೆ, ಹಿತ್ತಲೆಲ್ಲ ಕೆಸರು. ಬೆಣೆ ಹಾಗೇ ಹಿಡಿದು ಒದ್ದೆ ಬಟ್ಟೆ ಒತ್ತಿ, ಅರ್ಧ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಮೊದಲ ಮೂರು ನಾಲ್ಕು ಬಾಯಿ ಸೊಟ್ಟ ಬಂದರೂ ಐದನೆಯದರಿಂದ ಕೈ ಕೂರುತ್ತದೆ. ಇದನ್ನು ಬಯಲಲ್ಲೇ ಮಾಡಿ, ಪೈಪು ಕಂದು ಬಣ್ಣಕ್ಕೆ ತಿರುಗಲು ಬಿಡಬೇಡಿ. ಸುಟ್ಟ ಪಿವಿಸಿಯ ಹೊಗೆ ಎದೆಗೆ ಕೆಟ್ಟದ್ದು.

ತಲೆಗೆ ಮುಚ್ಚಳ ಹಾಕಿ, ಅದರೊಳಕ್ಕೆ ಸಣ್ಣ ಪೈಪು ಬಿಡಿ. ಮುಚ್ಚಳದ ಕೆಳಗೆ ಐದಾರು ತೂತಿನ ಒಂದು ತಟ್ಟೆ ಕೂರಿಸಿದರೆ ನೀರು ಎಲ್ಲ ಬದಿಗೂ ಹಂಚಿಕೊಳ್ಳುತ್ತದೆ. ಪೈಪಿನ ಒಳಗೆ ಮೇಲಿಂದ ಕೆಳಗಿನ ತನಕ ನೆರಳು ಬಲೆಯ ಒಂದು ಪಟ್ಟಿ ಇಳಿಬಿಡಿ. ನೀರು ಆ ಬಲೆ ಹಿಡಿದು ಇಳಿಯುತ್ತದೆ, ಬೇರೂ ಅದನ್ನೇ ಹಿಡಿದುಕೊಳ್ಳುತ್ತದೆ. ಗೋಣಿ, ಸೆಣಬು ಹಾಕಬೇಡಿ, ಎರಡು ತಿಂಗಳಿಗೆ ಕೊಳೆತು ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಅಂಟು ಹಚ್ಚಿದ ಕಡೆಯೆಲ್ಲ ಒಂದು ದಿನ ಒಣಗಲಿ, ಆಮೇಲೆ ಒಮ್ಮೆ ನೀರು ಓಡಿಸಿ ಚೆಲ್ಲಿಬಿಡಿ.

ಆರು ವಾರ ಕಾಯಬೇಕು

ಜನ ತಪ್ಪುವುದು ಇಲ್ಲೇ ಜಾಸ್ತಿ. ಎಲ್ಲ ಜೋಡಿಸಿ, ನೀರು ತುಂಬಿ, ಪಂಪು ಹಾಕಿದ ದಿನವೇ ಮೀನು ಬಿಡಬೇಕು ಅನ್ನಿಸುತ್ತದೆ. ನಾನು ಮೊದಲ ಸಲ ಎರಡನೇ ದಿನವೇ 40 ಮರಿ ಬಿಟ್ಟೆ. ಒಂಬತ್ತನೇ ದಿನಕ್ಕೆ ಒಂದೂ ಉಳಿಯಲಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿತ್ತು, ಆದರೆ ಜಲ್ಲಿಯ ಮೇಲೆ ಬ್ಯಾಕ್ಟೀರಿಯಾ ಹುಟ್ಟಿರಲಿಲ್ಲ. ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ಆ ಮರಿಗಳನ್ನು ಕರಿಬೇವಿನ ಬುಡದಲ್ಲಿ ಹೂತ ದಿನ ನನಗೆ ಇದು ಅರ್ಥವಾಯಿತು.

ಹಾಗಾಗಿ ಮೀನಿಲ್ಲದೆ ಶುರು ಮಾಡಿ. ಪಂಪು ಓಡಲಿ, ದಿನಾ ಒಂದು ಚಮಚ ಮೀನಿನ ಆಹಾರವನ್ನು ನೀರಿಗೆ ಹಾಕಿ. ಅದು ಕೊಳೆತು ಅಮೋನಿಯ ಬರುತ್ತದೆ. ಹಳೆಯ ಅಕ್ವೇರಿಯಂ ಇರುವ ಗೆಳೆಯರಿದ್ದರೆ ಅವರ ಫಿಲ್ಟರಿನ ಸ್ಪಂಜನ್ನು ನಿಮ್ಮ ಜಲ್ಲಿ ಡ್ರಮ್ಮಿನಲ್ಲಿ ಹಿಂಡಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಡ್ರಮ್ಮಿಗೆ ಮುಚ್ಚಳ ಹಾಕಿ, ಬ್ಯಾಕ್ಟೀರಿಯಾಕ್ಕೆ ನೇರ ಬಿಸಿಲು ಆಗದು.

ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ಬೇಕೇ ಬೇಕು. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕೂ ಇರಲಿ. ಎರಡು ದಿನಕ್ಕೊಮ್ಮೆ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೊದಲು ಅಮೋನಿಯ ಏರುತ್ತದೆ. ಎರಡು ಮೂರು ವಾರಕ್ಕೆ ಅದು ಇಳಿಯುತ್ತಾ ನೈಟ್ರೈಟ್ ಏರುತ್ತದೆ. ಆಮೇಲೆ ಅದೂ ಇಳಿದು ನೈಟ್ರೇಟ್ ಕಾಣುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯ ಹತ್ತಿರ ಬಂದು, ನೈಟ್ರೇಟ್ ಮಾತ್ರ ಏರುತ್ತಿದ್ದರೆ ನೀರು ಸಿದ್ಧ. ನಮ್ಮ ಬಿಸಿಗೆ ನಾಲ್ಕು ವಾರಕ್ಕೆ ಆಗಬಹುದು, ಚಳಿಗಾಲದಲ್ಲಿ ಆರೂ ದಾಟುತ್ತದೆ. ಮೊದಲು 10 ಮೀನು ಬಿಡಿ, ವಾರ ನೋಡಿ, ಉಳಿದದ್ದು ಆಮೇಲೆ.

ಯಾವ ಮೀನು, ಎಷ್ಟು ಗಿಡ

ನಮ್ಮ ಮನೆಯಲ್ಲಿ ಮೀನು ತಿನ್ನಲ್ಲ. "ಮೀನು ಸಾಕಿ ಏನವ್ವಾ ಮಾಡ್ತೀಯ?" ಅಂತ ಅತ್ತೆ ಮೊದಲೇ ಕೇಳಿದ್ದರು. ಕೊಯ್ ಮೀನು ಸಾಕಿದ್ದೇನೆ, ನೋಡಲು ಚೆಂದ, ಗಟ್ಟಿ ಜೀವ, ಚೆನ್ನಾಗಿ ತಿನ್ನುತ್ತವೆ. ಈಗ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಹೋಗಿ ಅವಕ್ಕೆ ಕಾಳು ಹಾಕುವುದು ಅತ್ತೆಯೇ. ಬೇರೆಯವರು ಹಾಕಿದರೆ ಅವರಿಗೆ ಸಮಾಧಾನವಿಲ್ಲ. ತಿನ್ನುವವರಾದರೆ ಸಾಮಾನ್ಯ ಗೆಂಡೆ ಒಗ್ಗುತ್ತದೆ. ತಿಲಾಪಿಯಾ ಸಾಕಲು ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ನಿಯಮಗಳಿವೆ. ಆಫ್ರಿಕನ್ ಕ್ಯಾಟ್‌ಫಿಶ್ ಬೇಡವೇ ಬೇಡ, ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ.

500 ಲೀಟರಿಗೆ ಬೆಳೆದ ಮೀನು ಒಟ್ಟು 6-7 ಕಿಲೋ ಮೀರಬಾರದು. ನಾನು ಬಿಟ್ಟದ್ದು 30.

ಗಿಡದ ಲೆಕ್ಕ ಮೀನಿನ ಸಂಖ್ಯೆಯಿಂದಲ್ಲ, ದಿನಾ ಹಾಕುವ ಆಹಾರದಿಂದ. ಒಂದು ಸೊಪ್ಪಿನ ಗಿಡಕ್ಕೆ ದಿನಕ್ಕೆ 2 ಗ್ರಾಂ ಆಹಾರ ಅಂತ ಹಿಡಿಯಿರಿ, ಹಣ್ಣಿನ ಗಿಡಕ್ಕೆ ದುಪ್ಪಟ್ಟು. 10 ಗ್ರಾಂ ತೂಗುವ 30 ಮರಿ ದಿನಕ್ಕೆ ತಿನ್ನುವುದು 15 ಗ್ರಾಂ ಇದ್ದೀತು. ಅಂದರೆ ಏಳೆಂಟು ಗಿಡ, ಅರ್ಧ ಟವರ್! ನಾಲ್ಕು ಟವರೂ ತುಂಬಿಸಿ ಗಿಡ ಸೊರಗಿತು ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಅದೇ ಮೀನು ವರ್ಷದ ಹೊತ್ತಿಗೆ 200 ಗ್ರಾಂ ಆದರೆ 90 ಗ್ರಾಂ ತಿನ್ನುತ್ತದೆ, ಆಗ 45 ಗಿಡ. ಟವರುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ, ದಿನಕ್ಕೆ ಎರಡು ಸಲ. ಉಳಿದ ಕಾಳನ್ನು ಜಾಲರಿಯಲ್ಲಿ ತೆಗೆದುಬಿಡಿ.

ಏನು ನೆಡಬೇಕು

ಒಂದೆಲಗದಿಂದ ಶುರು ಮಾಡಿ. ನೀರಿನ ಗಿಡ ಅದು, ಇಲ್ಲಿ ಅದಕ್ಕೆ ಹಬ್ಬ. ಪುದೀನದ ಕಡ್ಡಿಯನ್ನು ಲೋಟದ ನೀರಿನಲ್ಲಿ ಒಂದು ವಾರ ಇಟ್ಟರೆ ಬೇರು ಬರುತ್ತದೆ, ಹಾಗೇ ಕುಂಡಿಕೆಗೆ, ಅಂದರೆ ಟವರಿನ ಬಾಯಿಯಲ್ಲಿ ಕೂರುವ ಸಣ್ಣ ಕುಂಡಕ್ಕೆ, ಹಾಕಿ. ದೊಡ್ಡಪತ್ರೆ, ಕಾಮಕಸ್ತೂರಿ, ಬಸಳೆ ಎಲ್ಲವೂ ಕಡ್ಡಿಯಿಂದಲೇ ಬರುತ್ತವೆ. 2 ಇಂಚಿನ ಜಾಲರಿ ಕುಂಡಿಕೆ, ಒಳಗೆ ಸುಟ್ಟ ಮಣ್ಣಿನ ಗುಂಡುಗಳು ಸಾಕು. ಪುದೀನದ ಬೇರು ತುಂಬಾ ಹರಡಿ ಪೈಪು ಮುಚ್ಚಿಬಿಡುತ್ತದೆ, ಅದನ್ನು ಕೆಳಗಿನ ಬಾಯಿಗಳಲ್ಲೇ ಇಡಿ, ಮೂರು ತಿಂಗಳಿಗೊಮ್ಮೆ ತೆಗೆದು ಬೇರು ಕತ್ತರಿಸಿ. ಕೊತ್ತಂಬರಿ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಒಡೆದ ಬೀಜ ಐದಾರನ್ನು ಕುಂಡಿಕೆಯಲ್ಲೇ ಹಾಕಿ, ನವೆಂಬರಿನಿಂದ ಫೆಬ್ರವರಿ ತನಕ ಮಾತ್ರ. ಬಿಸಿಲೇರಿದರೆ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ.

ಸ್ಟ್ರಾಬೆರಿಗೆ ಅಕ್ಟೋಬರ್ ಸರಿಯಾದ ಕಾಲ. ಮಹಾಬಲೇಶ್ವರದ ಕಡೆಯಿಂದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಸಿ ಬರುತ್ತವೆ, ವಿಂಟರ್ ಡಾನ್, ಸ್ವೀಟ್ ಚಾರ್ಲಿ ಮುಂತಾದ ತಳಿ. ಬೇರಿನ ಮಣ್ಣನ್ನು ಬಕೆಟ್ ನೀರಿನಲ್ಲಿ ಮೆತ್ತಗೆ ತೊಳೆಯಿರಿ. ಎಲೆಗಳು ಹುಟ್ಟುವ ಗಡ್ಡೆಯಂಥ ಭಾಗ ಇದೆಯಲ್ಲ, ಅದು ಗುಂಡುಗಳ ಮೇಲೇ ಇರಬೇಕು. ಮುಳುಗಿದರೆ ಕೊಳೆಯುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಮೇಲಿನ ಬಾಯಿಗಳನ್ನು ಇದಕ್ಕೇ ಕೊಡಿ. ಮೊದಲ ಎರಡು ಮೂರು ವಾರ ಬಂದ ಹೂವನ್ನು ಚಿವುಟಿಬಿಡಿ, ಗಿಡ ಬಲಿಯಲಿ. ಹಬ್ಬುಬಳ್ಳಿ ಬಿಟ್ಟರೆ ಅದನ್ನೂ ಕತ್ತರಿಸಿ. ಆಮೇಲೆ ಬಂದ ಹೂವಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಮೆತ್ತನೆ ಬ್ರಷ್ಷಿನಿಂದ ನಡುವಿನ ಹಳದಿ ಗುಬುಟನ್ನು ಸುತ್ತಲೂ ಸವರಿ. ಒಂದು ಬದಿ ಬಿಟ್ಟುಹೋದರೆ ಹಣ್ಣು ಆ ಬದಿಗೆ ಸೊಟ್ಟಗಾಗುತ್ತದೆ. ಹೂ ಕಟ್ಟಿ ಒಂದು ತಿಂಗಳಿಗೆ ಹಣ್ಣು. ಹಣ್ಣು ಕೆಂಪಗಾಗುವ ಮೊದಲೇ ಬಲೆ ಹಾಕಿ, ನಮ್ಮೂರಿನ ಕೋತಿಗಳಿಗೆ ಬಣ್ಣ ತುಂಬಾ ಬೇಗ ಗೊತ್ತಾಗುತ್ತದೆ.

ಸೂಜಿಮೆಣಸು, ಚೆರ್ರಿ ಟೊಮೆಟೊ ಟವರಿನ ಬುಡದ ಬಾಯಿಗೆ ಒಂದೊಂದು ಹಾಕಬಹುದು.

ಕರೆಂಟು ಹೋದ ರಾತ್ರಿ

ಕಳೆದ ಮೇ ತಿಂಗಳಲ್ಲಿ ಒಂದು ರಾತ್ರಿ ಗಾಳಿ ಮಳೆಗೆ ಕರೆಂಟು ಹೋಯಿತು. ಒಂದು ಗಂಟೆಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಟಾರ್ಚ್ ಬೆಳಕಿಗೂ ಕದಲಲಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ದೊಡ್ಡ ಮೀನಿಗೇ ಮೊದಲು ಉಸಿರು ಕಟ್ಟುತ್ತದೆ. ನಾನೂ ಯಜಮಾನರೂ ಸರದಿಯ ಮೇಲೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿದೆವು, ಬೆಳಿಗ್ಗೆ ನಾಲ್ಕೂವರೆಗೆ ಕರೆಂಟು ಬರುವ ತನಕ. ಮೂರು ಹೋದವು. 27 ಉಳಿದವು.

ಮರುದಿನವೇ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ತಂದೆ. ಕರೆಂಟು ಹೋದ ಕ್ಷಣ ತಾನೇ ಶುರುವಾಗುವಂಥದ್ದು ಸಿಗುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಲೈನಿನಿಂದ ಒಂದು ಪಾಯಿಂಟನ್ನು ಹಿತ್ತಲಿಗೆ ಎಳೆಸಿ, ನೀರಿನ ಹತ್ತಿರ ಇರುವುದರಿಂದ ಶಾಕ್ ತಡೆಯುವ ಸ್ವಿಚ್ ಜೊತೆಗೇ ಇರಲಿ. ಟವರಿಗೆ ನೀರು ಎರಡು ಮೂರು ಗಂಟೆ ನಿಂತರೂ ನಡೆಯುತ್ತದೆ. ಮೀನಿಗೆ ಗಾಳಿ ನಿಲ್ಲಬಾರದು. ಇದನ್ನು ಮೀನು ತರುವ ಮೊದಲೇ ತಂದಿಡಿ.

ಎಲೆ ಹಳದಿ, ಹುಳ, ಸೊಳ್ಳೆ

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಅದು ಸಾಲುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಚೀಲೇಟೆಡ್ ಕಬ್ಬಿಣ, ಅಂದರೆ ಗಿಡಕ್ಕೆ ಸಿಗುವ ಹಾಗೆ ನೀರಿನಲ್ಲಿ ಕರಗಿ ನಿಲ್ಲುವ ಕಬ್ಬಿಣ, ಕೇಳಿ. ಬೇರೆ ಬೇರೆ ಬಗೆ ಇರುತ್ತದೆ. ಇಡಿಟಿಎ ಬಗೆಯದ್ದು ನಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್ಎ ಅಂತ ಬರೆದಿರುವುದನ್ನೇ ತನ್ನಿ. 6 ಪರ್ಸೆಂಟಿನದ್ದು 800 ಲೀಟರಿಗೆ 25 ಗ್ರಾಂ, ಬಕೆಟ್‌ನಲ್ಲಿ ಕರಗಿಸಿ ಹೂತ ಡ್ರಮ್ಮಿಗೆ. ನೀರು ಕೆಂಪಗಾಗುತ್ತದೆ, ಹೆದರಬೇಡಿ, ಮೀನಿಗೆ ಏನೂ ಆಗಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಹಳೆಯ ಎಲೆಯ ಅಂಚು ಸುಟ್ಟ ಹಾಗಾದರೆ ಪೊಟ್ಯಾಶ್ ಕೊರತೆ ಇರಬಹುದು, ಸ್ಟ್ರಾಬೆರಿಗೆ ಅದು ಜಾಸ್ತಿ ಬೇಕು. ಸಲ್ಫೇಟ್ ಆಫ್ ಪೊಟ್ಯಾಶ್ ಲೀಟರಿಗೆ 2 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಕೀಟನಾಶಕ ಯಾವುದೂ ಬೇಡ. ಬೇವಿನೆಣ್ಣೆ, ಸೋಪಿನ ನೀರು ಸಹ ಬೇಡ, ತೊಟ್ಟಿಕ್ಕಿ ನೀರಿಗೆ ಸೇರಿದರೆ ಮೀನಿಗೆ ತೊಂದರೆ. ಗಿಡದ ಹೇನು ಕಂಡರೆ ಕುಂಡಿಕೆಯನ್ನೇ ಎತ್ತಿ ಹೊರಗೆ ಒಯ್ದು ನೀರಿನಲ್ಲಿ ಜಾಡಿಸಿ ತೊಳೆಯಿರಿ. ಹಳದಿ ಅಂಟು ಹಾಳೆ ತೂಗುಹಾಕಿ. ಮೀನಿಗೆ ಕಾಯಿಲೆ ಬಂದರೆ ಬೇರೆ ಟಬ್ಬಿನಲ್ಲಿ ಹಾಕಿ ಔಷಧಿ ಕೊಡಿ. ತೊಟ್ಟಿಗೆ ಉಪ್ಪು ಹಾಕಿ ಅಂತ ಅಕ್ವೇರಿಯಂ ಇಟ್ಟವರು ಹೇಳುತ್ತಾರೆ, ಅದನ್ನು ಇಲ್ಲಿ ಮಾಡಿದರೆ ಮೊದಲು ಸಾಯುವುದು ಸ್ಟ್ರಾಬೆರಿ.

ಗಸಿ ಡ್ರಮ್ಮಿನ ತಳದ ನಲ್ಲಿಯನ್ನು ವಾರಕ್ಕೊಮ್ಮೆ ತೆರೆದು ಒಂದು ಬಕೆಟ್ ಗಸಿ ತೆಗೆಯಿರಿ. ಕರಿಬೇವಿಗೆ, ಕನಕಾಂಬರಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಎಲ್ಲ ಡ್ರಮ್ಮಿಗೂ ಸೊಳ್ಳೆ ಬಲೆ ಕಟ್ಟಿ, ಹೂತ ಡ್ರಮ್ಮಿನಲ್ಲಿ ನಾಲ್ಕೈದು ಗಪ್ಪಿ ಮೀನು ಬಿಡಿ, ಮರಿಹುಳ ಒಂದೂ ಉಳಿಯಲ್ಲ. ಪಂಪಿನ ಬಾಯಿಗೆ ಜಾಲರಿ ಇರಲಿ, ಗಪ್ಪಿ ಸಿಕ್ಕಿಕೊಳ್ಳಬಾರದು. ಕೊಯ್ಯುವಾಗ ಎಲೆಗೆ ತೊಟ್ಟಿಯ ನೀರು ತಾಗದ ಹಾಗೆ ನೋಡಿಕೊಳ್ಳಿ, ಒಳಗೆ ತಂದು ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದೇ ಬಳಸಿ.

ಮಾರ್ಚ್ ಮೊದಲ ವಾರಕ್ಕೆ ಸ್ಟ್ರಾಬೆರಿ ಎಲೆ ಒರಗುತ್ತದೆ, ಹಣ್ಣು ಗೋಲಿಯಷ್ಟಾಗುತ್ತದೆ. ಆಗ ಅವನ್ನು ತೆಗೆದು ಆ ಬಾಯಿಗಳಿಗೆ ಬಸಳೆ ಕಡ್ಡಿ, ದೊಡ್ಡಪತ್ರೆ ಹಾಕಿ, ನೆರಳು ಬಲೆ ಎಳೆದುಬಿಡಿ. ತೊಟ್ಟಿಯ ಬಿಸಿಲ ಬದಿಗೆ ಒದ್ದೆ ಗೋಣಿ ಚೀಲ ಹೊದಿಸಿ, ನೀರು 30 ಡಿಗ್ರಿ ದಾಟಿದ ದಿನ ಮೀನಿಗೆ ಆಹಾರ ಅರ್ಧ ಮಾಡಿ. ಮೇ ಕೊನೆಗೆ ಮಳೆ ನೀರಿನ ಡ್ರಮ್ಮುಗಳನ್ನು ತೊಳೆದು, ತಾರಸಿಯ ಪೈಪಿನ ಬಾಯಿಗೆ ಜಾಲರಿ ಕಟ್ಟಿಡಿ.